ಸುರಗಿಯೋ, ಸುರಹೊನ್ನೆಯೋ?

ಬೇಸಗೆ ಕಾಲಿರಿಸುವ ಹೊತ್ತಿಗೆ ಕಾರವಾರ, ಅಂಕೋಲೆಗಳ ಪೇಟೆಯಲ್ಲಿ ಮಲ್ಲಿಗೆ ಅಬ್ಬಲಿಗೆಗಳ ನಡುವೆ ಹೊಸದೊಂದು ದಂಡೆ ಕಾಣಿಸಿಕೊಳ್ಳುತ್ತದೆ. ಗುಂಡುಗುಂಡಾದ ಬಿಳಿಯ ಮೊಗ್ಗು, ನಡುವೆ ಇಣುಕುವ ಹಳದಿ ಕೇಸರ. ಕಣ್ಣಿಗೆ ಬೀಳುವ ಮೊದಲೇ ಪರಿಮಳವು ದಾರಿಹೋಕರನ್ನು ತಡೆದು ನಿಲ್ಲಿಸುತ್ತದೆ. ಇದೇ ಸುರಗಿ, ಕೊಂಕಣಿಯವರ ಸುರಂಗಿ.

ಹೆಸರು ಇಷ್ಟು ಸುಲಭವಾದರೂ ಗುರುತು ಅಷ್ಟು ಸುಲಭವಲ್ಲ. ಒಂದೇ ಸಸ್ಯಕುಟುಂಬಕ್ಕೆ ಸೇರಿದ, ಬಿಳಿಯ ಎಸಳಿನ, ಹಳದಿ ಕೇಸರದ, ಸುವಾಸನೆಯ ಹೂಗಳು ಮೂರುಂಟು: ಸುರಗಿ, ಸುರಹೊನ್ನೆ, ನಾಗಕೇಸರ. ಗ್ರಂಥಗಳಲ್ಲಿ ಪುನ್ನಾಗವೆಂದು ಕರೆಸಿಕೊಳ್ಳುವ ಸುರಹೊನ್ನೆಯು ಕಡಲತಡಿಯ ಮರಳಿನಲ್ಲಿಯೂ ಬೆಳೆಯುವ ಮರ. ಅದರ ಬೀಜದ ಎಣ್ಣೆಯಿಂದ ಹಿಂದೆ ಮನೆಮನೆಯ ದೀಪ ಉರಿಯುತ್ತಿತ್ತು. ನಾಗಕೇಸರದ ಹೂ ಅಂಗೈಯಗಲ. ಅದರ ಚಿಗುರು ಕೆಂಪು, ಮರ ಕಬ್ಬಿಣದಷ್ಟು ಗಟ್ಟಿ. ಗೊಂದಲವನ್ನು ಹೆಚ್ಚಿಸಲೆಂಬಂತೆ, ಒಣಗಿದ ಸುರಗಿಯ ಮೊಗ್ಗೂ ಗಂಧಿಗೆ ಅಂಗಡಿಗಳಲ್ಲಿ ನಾಗಕೇಸರವೆಂಬ ಹೆಸರಿನಿಂದಲೇ ಮಾರಾಟವಾಗುತ್ತದೆ.

ಪಂಡಿತರೂ ಇಲ್ಲಿ ತೊಡಕಿಗೆ ಸಿಲುಕಿದವರೇ. 1801ರಲ್ಲಿ ಅಂಕೋಲೆಯ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಮರಕ್ಕೆ ಕನ್ನಡದ ಹೆಸರನ್ನೇ ಇಟ್ಟನು. 1832ರಲ್ಲಿ ಅಚ್ಚಾದ ರಾಕ್ಸ್‌ಬರ್ಗನ ‘ಫ್ಲೋರಾ ಇಂಡಿಕಾ’ ಗ್ರಂಥದಲ್ಲಿ ಅದು ಸುರಹೊನ್ನೆಯ ಜಾತಿಗೆ ಸೇರಿ ‘ಕ್ಯಾಲೊಫಿಲಮ್ ಸುರಿಗ’ ಎನಿಸಿತು. ಇಂದು ಅದು ‘ಮಾಮಿಯ ಸುರಿಗ’. ಗೋತ್ರ ಬದಲಾದರೂ ಊರಿನವರು ಕೊಟ್ಟ ಹೆಸರು ಅಳಿಯಲಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಎಲೆಯನ್ನು ಬೆಳಕಿಗೆ ಹಿಡಿಯಬೇಕು. ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ, ಸಮಾನಾಂತರವಾಗಿ ನರಗಳಿದ್ದರೆ ಅದು ಸುರಹೊನ್ನೆ. ಬಲೆ ಹೆಣೆದಂತಿದ್ದರೆ ಸುರಗಿ. ಸುರಹೊನ್ನೆಯ ಹೂ ಎಲೆಗಳ ಸಂದಿಯಲ್ಲಿ ಗೊಂಚಲಾಗಿ ತೂಗುತ್ತದೆ. ಸುರಗಿಯಾದರೋ ಎಲೆ ಉದುರಿದ ಹಳೆಯ ಕೊಂಬೆಗೇ ಅಂಟಿಕೊಂಡು, ತೊಗಟೆಯೇ ಹೂಬಿಟ್ಟಿತೋ ಎಂಬಂತೆ ಮುತ್ತಿಕೊಳ್ಳುತ್ತದೆ.

ಸುರಗಿಯ ಹಿರಿಮೆ ಇರುವುದು ಬಾಡಿದ ಮೇಲೆ. ಬಿಳುಪು ಮಾಸಿ ಕಂದುಗೆಂಪಾದರೂ ಕಂಪು ಹೋಗದು. ಒಣಗಿದ ದಂಡೆಯನ್ನು ಸೀರೆಗಳ ಮಡಿಕೆಯಲ್ಲಿ ಇರಿಸುವುದುಂಟು. ಒಣಮೊಗ್ಗು ರೇಷ್ಮೆಗೆ ಬಣ್ಣ ಕಟ್ಟಲೂ ಒದಗುತ್ತಿತ್ತು. ಯು. ಆರ್. ಅನಂತಮೂರ್ತಿಯವರು 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಇದೇ ಹೂವಿನ ಹೆಸರನ್ನಿಟ್ಟರು.

ಆದರೆ ಈ ಗುಣವೇ ಮರಕ್ಕೆ ಮುಳುವಾಗಬಹುದು. ದಂಡೆಗೆ ಬೇಕಾದದ್ದು ಅರಳದ ಮೊಗ್ಗು. ಮೊಗ್ಗನ್ನೆಲ್ಲ ಕೊಯ್ದರೆ ಕಾಯಿಲ್ಲ, ಕಾಯಿಲ್ಲದಿದ್ದರೆ ಸಸಿಯಿಲ್ಲ. ಅದರಲ್ಲಿಯೂ ಗಂಡು ಹೂಗಳನ್ನಷ್ಟೇ ಬಿಡುವ ಮರಗಳಿಂದ ಕಾಯಿಯ ಆಸೆಯೇ ಇಲ್ಲ. ಎತ್ತರಕ್ಕೆ ಏರಲಾರದೆ ಕೊಂಬೆಯನ್ನೇ ಕಡಿದು ಕೆಡವಿದರೆ, ಹೂಬಿಡುವ ಹಳೆಯ ಮರವೇ ಹೋಗಿಬಿಡುತ್ತದೆ. ಮತ್ತೆ ಅಂಥ ಕೊಂಬೆ ಬಲಿಯಲು ಎಷ್ಟೋ ವರ್ಷ ಬೇಕು. ಕೈಗೆಟುಕಿದಷ್ಟನ್ನು ಬಿಡಿಸಿಕೊಂಡು, ತುದಿಯ ಹೂವನ್ನು ಜೇನಿಗೂ ಹಕ್ಕಿಗೂ ಬಿಟ್ಟರೆ ಸಾಕು. ಮುಂದಿನ ತಲೆಮಾರಿನ ಮುಡಿಗೂ ಸುರಗಿ ಉಳಿದೀತು.