ಶಿರಾಗೆ 13, ಕೊರಟಗೆರೆಗೆ 25
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹೆಸರು, ಮಳೆ ಲೆಕ್ಕ ಎರಡನ್ನೂ ಸಿ ಭಾಷೆಯ ಒಂದೇ ಸ್ಟ್ರಕ್ಟ್‌ನಲ್ಲಿ ಇಡೋಣ.

ಹೆಸರಿಗೆ ಎಷ್ಟು ಜಾಗ ಬೇಕು? ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ 3 ಬೈಟ್. ಶಿರಾ ಅಂದ್ರೆ ಶ, ಗುಡಿಸು, ರ, ಇಳಿ: 12. ಕೊನೆಯ ಸೊನ್ನೆಗೆ ಇನ್ನೊಂದು, 13. ಕೊರಟಗೆರೆಗೆ ಬರೋಬ್ಬರಿ 25! ಎಲ್ಲಕ್ಕೂ 10 ಅಂತ ಮೊದಲೇ ಕಟ್ಟಿಟ್ಟರೆ ಶಿರಾ ಕೂಡ ಹಿಡಿಸಲ್ಲ.

ಅದಕ್ಕೇ ಸ್ಟ್ರಕ್ಟ್ ಒಳಗೆ ಹೆಸರಿಗೆ ಪಾಯಿಂಟರ್ ಇಡಿ. ಸ್ಟ್ರ್‌ಲೆನ್ ಕೊಟ್ಟ ಉದ್ದಕ್ಕೆ ಒಂದು ಸೇರಿಸಿ ಮ್ಯಾಲಾಕ್‌ನಿಂದ ಜಾಗ ಕೇಳಿ. ಜಾಗ ಸಿಗದೆ ನಲ್ ಬಂತಾ? ಅಲ್ಲೇ ನಿಲ್ಲಿಸಿ. ಸಿಕ್ಕಿದ್ರೆ ಹೆಸರನ್ನು ಆ ಜಾಗಕ್ಕೆ ನಕಲಿಸಿ.

ಸ್ಟ್ರಕ್ಟ್‌ಗೂ ಮ್ಯಾಲಾಕ್ ಬಳಸಿದ್ರೆ, ಕೆಲಸ ಮುಗಿದ ಮೇಲೆ ಮೊದಲು ಹೆಸರನ್ನು ಫ್ರೀ ಮಾಡಿ, ಆಮೇಲೆ ಸ್ಟ್ರಕ್ಟ್. ಉಲ್ಟಾ ಮಾಡಿದ್ರೆ ಹೆಸರಿನ ವಿಳಾಸವೇ ಕೈತಪ್ಪಿ, ಪ್ರೋಗ್ರಾಂ ಮುಗಿಯೋವರೆಗೂ ಆ ಜಾಗ ವಾಪಸ್ ಸಿಗಲ್ಲ.