ಬೀಡಿನ ಕಾವಲಿ, ಸೌದೆಯ ಉರಿ

ಚೆನ್ನೈನ ಪ್ಯಾರೀಸ್ ಕಾರ್ನರಿನಿಂದ ಎನ್.ಎಸ್.ಸಿ. ಬೋಸ್ ರಸ್ತೆ ಹಿಡಿದು ಪಡುವಣಕ್ಕೆ ಹೋದರೆ ರತ್ತನ್ ಬಜಾರ್, ಅದರಾಚೆ ಈವ್ನಿಂಗ್ ಬಜಾರ್. ಪಾತ್ರೆಪಗಡೆಗೆ ಹೆಸರಾದ ಈ ಬೀದಿಗಳಲ್ಲಿ ಹೊಳೆಯುವ ಸ್ಟೀಲಿನ ನಡುವೆ ಕಪ್ಪಗೆ, ಒರಟಾಗಿ ಕೂತಿರುತ್ತವೆ ಬೀಡಿನ ಕಾವಲಿಗಳು. ತಮಿಳರಿಗೆ ಅದು ದೋಸೈಕ್ಕಲ್, ಅಂದರೆ ದೋಸೆಯ ಕಲ್ಲು. ಕರಾವಳಿಯವರಿಗೆ ಕಾವಲಿ, ಮೈಸೂರು ಕಡೆಯವರಿಗೆ ಹೆಂಚು. ಗುಳಿಗಳಿರುವುದನ್ನು ತಮಿಳರು ಪಣಿಯಾರಕ್ಕಲ್ ಎಂದರೆ ನಮ್ಮಲ್ಲಿ ಊರಿಗೊಂದು ಹೆಸರು: ಗುಳಿಯಪ್ಪದ ಕಾವಲಿ, ಪಡ್ಡಿನ ಹೆಂಚು.

ಈ ಬೀದಿಗಳಿಗೂ ಕನ್ನಡನಾಡಿನ ಕಾವಲಿಗೂ ಹಳೆಯ ನಂಟಿದೆ. ಉಡುಪಿ ಸೀಮೆಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಹೋಟೆಲು ನಡೆಸಿದ್ದು ಪ್ಯಾರೀಸ್ ಕಾರ್ನರಿಗೆ ಹತ್ತಿರದ ಆಚಾರಪ್ಪನ್ ಬೀದಿಯಲ್ಲಿ. ರಾಯಪೇಟೆಯ ವುಡ್‌ಲ್ಯಾಂಡ್ಸ್ ಹೋಟೆಲನ್ನು ಅವರು ಶುರುಮಾಡಿದ್ದು ಆಮೇಲೆ, 1938ರಲ್ಲಿ. ಆಗಿನ ಒಲೆಗಳಿಗೆ ಅನಿಲವಿರಲಿಲ್ಲ: ಇಂಡೇನ್ ಅಡುಗೆ ಅನಿಲ ಮನೆಗಳಿಗೆ ಬರತೊಡಗಿದ್ದು 1965ರಿಂದ. ಅದಕ್ಕೆ ಮೊದಲು ದೋಸೆ ಹುಯ್ಯುವವರಿಗೆ ಸೌದೆ, ಇದ್ದಿಲುಗಳ ಉರಿಯನ್ನು ಹದದಲ್ಲಿಡುವುದೇ ಅರ್ಧ ವಿದ್ಯೆಯಾಗಿತ್ತು.

ಸೌದೆ ಒಲೆಗೂ ಬೀಡಿಗೂ ಯಾಕಿಷ್ಟು ಹೊಂದಾಣಿಕೆ? ಬೀಡು ಎಂದರೆ ಶೇಕಡ 2ಕ್ಕಿಂತ ಹೆಚ್ಚು ಇಂಗಾಲ ಬೆರೆತ ಕಬ್ಬಿಣ. ಕರಗಿಸಿ ಮರಳಿನ ಅಚ್ಚಿಗೆ ಹೊಯ್ದು ಮಾಡಿದ್ದು. ಕಬ್ಬಿಣದಲ್ಲಿ ಶಾಖ ಬೇಗ ಹರಿಯುತ್ತದೆ ಎಂದು ತಿಳಿದವರೇ ಬಹಳ. ನಿಜದಲ್ಲಿ ಅಲ್ಯೂಮಿನಿಯಮ್ಮಿಗೆ ಹೋಲಿಸಿದರೆ ಬೀಡಿನಲ್ಲಿ ಶಾಖ ಹರಿಯುವ ವೇಗ ಸುಮಾರು ಕಾಲುಭಾಗ ಮಾತ್ರ. ಆದರೆ ಅದು ಭಾರ, ದಪ್ಪ. ಒಮ್ಮೆ ಕಾದರೆ ತಣ್ಣನೆ ಹಿಟ್ಟು ಬಿದ್ದರೂ ಕಾವು ಕುಸಿಯುವುದಿಲ್ಲ. ಸೌದೆಯ ಉರಿ ಒಂದು ಗಳಿಗೆ ಭುಗಿಲೆದ್ದು ಮತ್ತೊಂದು ಗಳಿಗೆ ಇಳಿಯುತ್ತದೆ. ತೆಳ್ಳನೆ ಪಾತ್ರೆಯಾದರೆ ಆ ಏರಿಳಿತವೆಲ್ಲ ನೇರವಾಗಿ ಹಿಟ್ಟಿಗೆ ತಟ್ಟುತ್ತದೆ, ಬೀಡು ಅದನ್ನು ತನ್ನೊಳಗೇ ಇಂಗಿಸಿಕೊಳ್ಳುತ್ತದೆ. ಇನ್ನೊಂದು ಸಂಗತಿಯುಂಟು. ಸಣ್ಣ ಗ್ಯಾಸ್ ಬರ್ನರು ಅಗಲ ಕಾವಲಿಯ ನಡುವನ್ನಷ್ಟೇ ಕಾಯಿಸಿದರೆ, ಸೌದೆಯ ಜ್ವಾಲೆ ಅಡಿಯಿಡೀ ನೆಕ್ಕುತ್ತದೆ. ಅಂಚಿನವರೆಗೂ ಒಂದೇ ಬಣ್ಣಕ್ಕೆ ಬೆಂದ ನೀರುದೋಸೆಯ ಗುಟ್ಟು ಅದು.

ಹೊಸ ಕಾವಲಿ ಮಾತ್ರ ಮೊದಲ ದಿನವೇ ಕೈಗೆ ಒಗ್ಗುವುದಿಲ್ಲ, ಪಳಗಿಸಬೇಕು. ತೊಳೆದು, ಕೆಲವು ದಿನ ಅನ್ನದ ಗಂಜಿಯಲ್ಲಿ ನೆನೆಹಾಕಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ ಹೊಗೆಯಾಡುವವರೆಗೆ ಕಾಯಿಸುತ್ತಾರೆ. ಆರಿದ ಮೇಲೆ ಮತ್ತೆ ಸವರುತ್ತಾರೆ. ಕಾದ ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿದ ಕಪ್ಪು ಪದರವಾಗುತ್ತದೆ, ಹಿಟ್ಟು ಹಿಡಿಯದಂತೆ ಕಾಯುವುದು ಅದೇ. ಈ ಪದರ ಕಟ್ಟಲು ತೆಂಗಿನೆಣ್ಣೆಗಿಂತ ಎಳ್ಳೆಣ್ಣೆ ಮೇಲು: ತೆಂಗಿನೆಣ್ಣೆಯ ಸುಮಾರು ಶೇಕಡ 90 ಭಾಗ ಸುಲಭವಾಗಿ ಹೀಗೆ ಗಟ್ಟಿಗೊಳ್ಳದ ಜಿಡ್ಡು. ದೋಸೆ ದೋಸೆಗೂ ಎಣ್ಣೆ ಸವರಲು ಅರ್ಧ ಈರುಳ್ಳಿ ಸಾಕು, ಬದನೆಕಾಯಿಯ ತೊಟ್ಟೂ ಆದೀತು. ಹುಣಸೆಹುಳಿಯ ಸಾರು ಮಾತ್ರ ಬೇಡ, ಹುಳಿ ಪದರವನ್ನು ತಿನ್ನುತ್ತದೆ. ಕಾದ ಕಾವಲಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಚೆನ್ನೈನಂಥ ಕಡಲ ಊರಿನಲ್ಲಿ ಒದ್ದೆ ಬಿಟ್ಟ ಬೀಡಿಗೆ ಬೆಳಗಾಗುವಷ್ಟರಲ್ಲಿ ತುಕ್ಕು.

ಕಬ್ಬಿಣದ ಪಾತ್ರೆಯಿಂದ ರಕ್ತಹೀನತೆ ಹೋಗುತ್ತದೆಂಬ ನಂಬಿಕೆಯಲ್ಲಿ ಹುರುಳಿಲ್ಲದಿಲ್ಲ. ಸಮಸ್ಯೆ ಸಣ್ಣದೂ ಅಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಕರ್ನಾಟಕದಲ್ಲಿ ಶೇಕಡ 47.8, ತಮಿಳುನಾಡಿನಲ್ಲಿ 53.4. ಇಥಿಯೋಪಿಯಾದ ಮಕ್ಕಳ ಮೇಲೆ ನಡೆದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಅಲ್ಯೂಮಿನಿಯಂ ಪಾತ್ರೆಯ ಊಟ ಉಂಡವರಿಗಿಂತ ಕಬ್ಬಿಣದ ಪಾತ್ರೆಯ ಊಟ ಉಂಡವರಲ್ಲಿ ಹಿಮೋಗ್ಲೋಬಿನ್ ಹೆಚ್ಚು ಏರಿತ್ತು. ಆದರೆ ಕಬ್ಬಿಣ ಹೆಚ್ಚು ಬಿಡುವುದು ಹುಳಿಯಿರುವ, ನೀರಾದ, ಬಹಳ ಹೊತ್ತು ಕುದಿಯುವ ಅಡುಗೆಗೆ. ಚೆನ್ನಾಗಿ ಪಳಗಿದ ಕಾವಲಿಯ ಮೇಲೆ ಎರಡು ನಿಮಿಷ ಬೆಂದ ದೋಸೆ ಔಷಧಿಯಲ್ಲ. ರಕ್ತ ಕಡಿಮೆಯಿದ್ದವರು ವೈದ್ಯರಲ್ಲಿಗೇ ಹೋಗಬೇಕು.

ಹೊಗೆಯ ಮಾತನ್ನು ಬಿಟ್ಟು ಸೌದೆ ಒಲೆಯನ್ನು ಹೊಗಳುವುದು ಅನ್ಯಾಯ. ಊದುಗೊಳವೆ ಹಿಡಿದು ಕಣ್ಣುರಿ, ಕೆಮ್ಮು ಅನುಭವಿಸಿದವರು ಹೆಂಗಸರೇ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ದೇಶದಲ್ಲಿ ಶೇಕಡ 58.6 ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ತಂಡ ರೂಪಿಸಿದ ಅಸ್ತ್ರ ಒಲೆ ಇದಕ್ಕೊಂದು ಉತ್ತರ. ಅದರಲ್ಲಿ ಸೌದೆ ಉರಿಯುವುದು ಮುಚ್ಚಿದ ಗೂಡಿನೊಳಗೆ, ಜಾಲರಿಯ ಮೇಲೆ. ಒಂದೇ ಉರಿಗೆ ಮೂರು ಪಾತ್ರೆ ಕಾಯುತ್ತವೆ, ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಇಂದು ಮನೆಯಲ್ಲಿ ಸೌದೆ ಒಲೆ ಹೂಡುವವರು ಕಾವಲಿಗೂ ಮೊದಲು ಚಿಮಣಿಯನ್ನು ಯೋಚಿಸಬೇಕು.

ಒಣಗಿದ ಸೌದೆ, ಗೆರಟೆ, ಕೊತ್ತಳಿಗೆ: ಕರಾವಳಿಯ ಒಲೆಗೆ ಇಷ್ಟು ಸಾಕು. ಮೊದಲು ಉರಿ ಜೋರು ಮಾಡಿ ಕಾವಲಿ ಕಾಯಿಸಿ, ನೀರು ಚಿಮುಕಿಸಿದಾಗ ಹನಿ ಉಂಡೆಯಾಗಿ ಓಡಿದರೆ ಸೌದೆ ಹಿಂದಕ್ಕೆಳೆದು ಉರಿ ತಗ್ಗಿಸುತ್ತಾರೆ. ರೊಟ್ಟಿಗೆ ಮತ್ತಷ್ಟು ಸಣ್ಣ ಉರಿ, ಗುಳಿಯಪ್ಪಕ್ಕೆ ಕೆಂಡವೇ ಸಾಕು. ಕೊನೆಯ ದೋಸೆ ಎದ್ದ ಮೇಲೂ ಕಾವಲಿಯಲ್ಲಿ ಕಾವು ಉಳಿದಿರುತ್ತದೆ. ಹಪ್ಪಳ ಸುಡುವುದು ಆಗ. ಅದಾದ ಮೇಲೆ ಬಿಸಿ ಆರುವ ಮುಂಚೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ ಗೋಡೆಗೊರಗಿಸುತ್ತಾರೆ.