ವಿದ್ಯುತ್ತಿನ ಕಾವಲುಗಾರ

ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪಂವರೆಗೆ ಸಾಗುವ ರೈಲುಹಾದಿಯು ಕೋಲಾರದ ಚಿನ್ನದ ಗಣಿಗಳಿಗಾಗಿ ಹುಟ್ಟಿಕೊಂಡದ್ದು. ಮೊದಲು ಆ ಗಣಿಗಳ ಯಂತ್ರಗಳು ಉಗಿಯ ಬಲದಿಂದ ನಡೆಯುತ್ತಿದ್ದವು. ಅವುಗಳಿಗೆ ಬೇಕಾದ ಉರುವಲನ್ನು ಹೊರಗಿನಿಂದ ತರಿಸಬೇಕಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆಯು ಈ ಸ್ಥಿತಿಯನ್ನು ಬದಲಾಯಿಸಿತು. 1902ರ ಜೂನ್ 30ರಂದು, ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರ ತಂತಿಗಳಲ್ಲಿ ಹರಿದು ಚಿನ್ನದ ಗಣಿಯನ್ನು ತಲುಪಿತು.

ಕಾಲಕ್ರಮದಲ್ಲಿ ಈ ಗಣಿಗಳು ನೆಲದಡಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವು. ಅಷ್ಟು ಆಳದಲ್ಲಿ ದುಡಿಯುವವರನ್ನು ಇಳಿಸಿ ಏರಿಸುವ ತೊಟ್ಟಿಲು, ಊರುವ ನೀರನ್ನು ಮೇಲೆತ್ತುವ ಪಂಪು, ಗಾಳಿಯಾಡಿಸುವ ಬೃಹತ್ ಪಂಖ, ಇವೆಲ್ಲಕ್ಕೂ ವಿದ್ಯುತ್ತೇ ಆಧಾರವಾಯಿತು. ಆದರೆ ಉಪಕಾರಿಯಾದ ಈ ಶಕ್ತಿಯು ಎಲ್ಲೆ ಮೀರಿದರೆ ಅಪಾಯಕಾರಿಯೂ ಹೌದು. ಬಂಡೆ ಉರುಳಿಯೋ ತೇವ ತಗುಲಿಯೋ ಕೇಬಲ್ಲಿನ ಹೊದಿಕೆ ಕೆಟ್ಟರೆ ತಂತಿಗಳು ಒಂದಕ್ಕೊಂದು ತಾಕಿ ಷಾರ್ಟ್ ಸರ್ಕಿಟ್ ಉಂಟಾಗುತ್ತದೆ. ಆಗ ಪ್ರವಾಹವು ಹಲವು ಪಟ್ಟು ಹೆಚ್ಚುತ್ತದೆ. ಪ್ರವಾಹ ಹತ್ತು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನೂರು ಪಟ್ಟಾಗುತ್ತದೆ. ಕೂಡಲೇ ತಡೆಯದಿದ್ದರೆ ಬೆಂಕಿ ಹೊತ್ತಿಕೊಳ್ಳುವುದು ನಿಶ್ಚಿತ.

ಇಂಥ ಸಮಯದಲ್ಲಿ ವಿದ್ಯುನ್ಮಂಡಲವನ್ನು ತಾನಾಗಿಯೇ ಕಡಿದುಹಾಕುವ ಸಾಧನವೇ ಸರ್ಕಿಟ್ ಬ್ರೇಕರ್. ಮನೆಯ ಫ್ಯೂಸು ಒಮ್ಮೆ ಕರಗಿದರೆ ಹೊಸ ತಂತಿ ಹಾಕಬೇಕು. ಬ್ರೇಕರನ್ನಾದರೋ ಮತ್ತೆ ಮತ್ತೆ ಬಳಸಬಹುದು. ಅದರೊಳಗೆ ಒಂದನ್ನೊಂದು ಒತ್ತಿಕೊಂಡಿರುವ ಲೋಹದ ಸಂಪರ್ಕಗಳಿವೆ. ರಿಲೇ ಎಂಬ ಉಪಕರಣವು ಪ್ರವಾಹವನ್ನು ಸದಾ ಗಮನಿಸುತ್ತಿದ್ದು, ಮಿತಿ ಮೀರಿದೊಡನೆ ಸಂಜ್ಞೆ ನೀಡುತ್ತದೆ. ಬಿಗಿದಿಟ್ಟ ಸ್ಪ್ರಿಂಗು ಬಿಡುಗಡೆಯಾಗಿ ಸಂಪರ್ಕಗಳು ದೂರ ಸರಿಯುತ್ತವೆ. ಆಗ ಅವುಗಳ ನಡುವೆ ಪ್ರಖರವಾದ ಕಿಡಿಯ ಸೇತುವೆಯೊಂದು ಏರ್ಪಡುತ್ತದೆ. ನಮ್ಮ ದೇಶದ ಪರ್ಯಾಯ ಪ್ರವಾಹವು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುತ್ತದೆ. ಅಂಥದೊಂದು ಕ್ಷಣದಲ್ಲಿ ನಂದಿದ ಕಿಡಿ ಮತ್ತೆ ಹೊತ್ತದಂತೆ ಎಣ್ಣೆ, ಗಾಳಿ, ನಿರ್ವಾತ ಅಥವಾ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತಡೆಯುತ್ತದೆ.

ಈ ಕಾವಲುಗಾರನಲ್ಲಿ ಒಂದು ವೈಚಿತ್ರ್ಯವಿದೆ. ಪಂಪು ಕೆಟ್ಟರೆ ನೀರು ನಿಲ್ಲುತ್ತದೆ, ದೀಪ ಕೆಟ್ಟರೆ ಕತ್ತಲಾಗುತ್ತದೆ. ದಿನವೂ ದುಡಿಯುವ ಯಂತ್ರ ತನ್ನ ರೋಗವನ್ನು ತಾನೇ ತಿಳಿಸುತ್ತದೆ. ಬ್ರೇಕರು ಮಾತ್ರ ತಿಂಗಳುಗಟ್ಟಲೆ ಅಲುಗಾಡದೆ ನಿಂತಿರುತ್ತದೆ. ಆ ಅವಧಿಯಲ್ಲಿ ಅದರ ಗ್ರೀಸು ಗಟ್ಟಿಯಾಗಬಹುದು, ಎಣ್ಣೆಗೆ ತೇವ ಸೇರಬಹುದು. ಹೊರಗಿನಿಂದ ನೋಡುವವರಿಗೆ ಇದಾವುದೂ ಕಾಣದು. ಕರೆ ಬಂದಾಗಲೋ, ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ ಅವಧಿಯಲ್ಲಿ ಅದು ತನ್ನ ಕೆಲಸವನ್ನು ಮುಗಿಸಬೇಕು. ಆದುದರಿಂದಲೇ ಅದು ಸುಸ್ಥಿತಿಯಲ್ಲಿದೆಯೆಂದು ನಂಬಿ ಕೂರದೆ, ನಿಯತಕಾಲದಲ್ಲಿ ಪರೀಕ್ಷಿಸಿ ತಿಳಿಯಬೇಕು.

ಪರೀಕ್ಷೆಗೆ ಮುನ್ನ ಕೆಲಸಗಾರರ ರಕ್ಷಣೆ ಮುಖ್ಯ. ಬ್ರೇಕರನ್ನು ತೆರೆದು, ಎರಡು ಕಡೆಯಿಂದಲೂ ವಿದ್ಯುತ್ ಬಾರದಂತೆ ಬೇರ್ಪಡಿಸಿ, ಬೀಗ ಹಾಕಿ, ಎಚ್ಚರಿಕೆಯ ಫಲಕ ತೂಗಿಸುತ್ತಾರೆ. ವಿದ್ಯುತ್ ಇಲ್ಲವೆಂಬುದನ್ನು ಉಪಕರಣದಿಂದ ಖಚಿತಪಡಿಸಿಕೊಂಡು, ತಂತಿಗಳನ್ನು ಭೂಮಿಗೆ ಜೋಡಿಸಿದ ಮೇಲೆಯೇ ಕೈ ಮುಟ್ಟಿಸುತ್ತಾರೆ. ಬಳಿಕ ಧೂಳನ್ನು ಒರೆಸಿ, ಸುಟ್ಟ ಸಂಪರ್ಕಗಳನ್ನು ನೋಡಿ, ಚಲಿಸುವ ಭಾಗಗಳಿಗೆ ತಕ್ಕ ಗ್ರೀಸು ಹಚ್ಚುತ್ತಾರೆ.

ಅನಂತರ ಅಳತೆಯ ಕೆಲಸ. ಅವಾಹಕ ಭಾಗಗಳ ರೋಧ ಅಧಿಕವಾಗಿರಬೇಕು. ಇದನ್ನು ಮೆಗ್ಗರ್ ಎಂಬ ಉಪಕರಣ ತೋರಿಸುತ್ತದೆ. ಮುಚ್ಚಿದ ಸಂಪರ್ಕಗಳ ರೋಧ ಅತ್ಯಲ್ಪವಾಗಿರಬೇಕು. ಸುಮಾರು 100 ಆಂಪೇರು ನೇರ ಪ್ರವಾಹ ಹಾಯಿಸಿ ಅದನ್ನು ಓಮಿನ ಹತ್ತು ಲಕ್ಷದ ಭಾಗಗಳಲ್ಲಿ ಅಳೆಯುತ್ತಾರೆ. ಮೂರು ಫೇಸುಗಳ ಸಂಪರ್ಕಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆಯೆ ಎಂಬುದನ್ನು ಸೂಕ್ಷ್ಮ ಗಡಿಯಾರ ಹೇಳುತ್ತದೆ. ಎಣ್ಣೆಯ ಬ್ರೇಕರಾದರೆ, ಸ್ವಲ್ಪ ಎಣ್ಣೆಯನ್ನು ಪಾತ್ರೆಯಲ್ಲಿ ತೆಗೆದು, 2.5 ಮಿಲಿಮೀಟರು ಅಂತರದ ಎರಡು ಧ್ರುವಗಳ ನಡುವೆ ಅದು ಎಷ್ಟು ವೋಲ್ಟೇಜನ್ನು ತಾಳಬಲ್ಲದೆಂದು ನೋಡುತ್ತಾರೆ. ರಿಲೇಗೆ ಕೃತಕವಾಗಿ ಹೆಚ್ಚಿನ ಪ್ರವಾಹ ಕೊಟ್ಟು ಅದು ಸಂಜ್ಞೆ ನೀಡುವುದೆ ಎಂದು ಪರಿಶೀಲಿಸುತ್ತಾರೆ. ಸಂಜ್ಞೆಗೆ ಬಲ ನೀಡುವ ಬ್ಯಾಟರಿಯನ್ನೂ ಮರೆಯುವಂತಿಲ್ಲ. ಅದು ಬರಿದಾಗಿದ್ದರೆ ಉಳಿದೆಲ್ಲವೂ ಸರಿಯಿದ್ದರೂ ಬ್ರೇಕರು ತೆರೆಯದು. ಎಲ್ಲ ಅಂಕಿಗಳನ್ನೂ ದಾಖಲೆ ಪುಸ್ತಕದಲ್ಲಿ ಬರೆದು ಹಿಂದಿನವುಗಳೊಡನೆ ಹೋಲಿಸುತ್ತಾರೆ. ಕ್ರಮೇಣ ಬೆಳೆಯುತ್ತಿರುವ ದೋಷ ಈ ಹೋಲಿಕೆಯಿಂದ ಮೊದಲೇ ಬೆಳಕಿಗೆ ಬರುತ್ತದೆ.

ಈ ಶ್ರಮವನ್ನು ಕಡೆಗಣಿಸಿದರೇನಾಗುತ್ತದೆ? ಒಂದು ಪಂಪಿನ ದೋಷಕ್ಕೆ ಆ ಪಂಪಿನ ಬ್ರೇಕರು ಮಾತ್ರ ತೆರೆಯುವುದು ಸರಿಯಾದ ವ್ಯವಸ್ಥೆ. ಅದು ತೆರೆಯದಿದ್ದರೆ ಅದರ ಹಿಂದಿರುವ ದೊಡ್ಡ ಬ್ರೇಕರು ತೆರೆಯಬೇಕಾಗುತ್ತದೆ. ಆಗ ಆ ಭಾಗಕ್ಕೆಲ್ಲ ವಿದ್ಯುತ್ ನಿಲ್ಲುತ್ತದೆ. ಗಣಿಯಲ್ಲಿ ಇದರ ಅರ್ಥ, ತೊಟ್ಟಿಲು ನಡುದಾರಿಯಲ್ಲಿ ನಿಲ್ಲುವುದು, ಪಂಖ ಸ್ತಬ್ಧವಾಗುವುದು, ನೀರು ಏರತೊಡಗುವುದು. ಒಂದು ಚಿಕ್ಕ ಸಾಧನದ ಅಲಕ್ಷ್ಯವು ನೂರಾರು ಜನರ ಸಂಕಟಕ್ಕೆ ಕಾರಣವಾಗಬಲ್ಲದು.

ಬ್ರೇಕರುಗಳ ಬಲವನ್ನು ಒರೆಗೆ ಹಚ್ಚಲು ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನ ಸಂಸ್ಥೆಯಿದೆ. ಅಲ್ಲಿ ಬೇಕೆಂದೇ ಷಾರ್ಟ್ ಸರ್ಕಿಟ್ ಉಂಟುಮಾಡಿ ಬ್ರೇಕರಿನ ವಿನ್ಯಾಸವನ್ನು ಪರೀಕ್ಷಿಸುತ್ತಾರೆ. ಆದರೆ ವಿನ್ಯಾಸ ಗಟ್ಟಿಯಾಗಿದ್ದ ಮಾತ್ರಕ್ಕೆ ಹತ್ತು ವರ್ಷಗಳ ಬಳಿಕವೂ ಅದೇ ಬ್ರೇಕರು ಆರೋಗ್ಯವಾಗಿರುವುದೆಂದು ಹೇಳಲಾಗದು. ಅದನ್ನು ತಿಳಿಯುವ ಹೊಣೆ ಆಯಾ ಕಾರ್ಖಾನೆಯ ಕೆಲಸಗಾರರದು.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ವಿದ್ಯುತ್ತನ್ನು ನಂಬಿದ ಕಾರ್ಖಾನೆ, ಆಸ್ಪತ್ರೆ, ರೈಲುಮಾರ್ಗಗಳು ಎಲ್ಲೆಡೆಯೂ ಇವೆ. ಅಲ್ಲೆಲ್ಲ ಏನೂ ಆಗದೆ ಕಳೆದುಹೋದ ದಿನಗಳ ಹಿಂದೆ, ಕೈಯಲ್ಲಿ ಮೆಗ್ಗರ್ ಹಿಡಿದು ದಾಖಲೆ ಪುಸ್ತಕ ತುಂಬುವ ಕೆಲಸಗಾರರ ಪಾಲೂ ಇದೆ.